ಸೀತೆ ಇದ್ದ ಮಾತ್ರಕ್ಕೆ ನಮ್ಮದಾಗುತ್ತಾ?

ಮೊನ್ನೆ ಕ್ಯಾಂಟೀನಿನಲ್ಲಿ ಊಟ ಮಾಡ್ತಾ ಮಾಸ್ನೆಯ 'ಲಾಹೋರಿನ ರಾಜ' ಆಪೆರಾದ ಮಾತು ತೆಗೆದೆ. ಕಥೆಯಲ್ಲಿ ಸೀತೆ, ಇಂದ್ರ ಇದ್ದಾರೆ ಅಂದಿದ್ದೇ ತಡ, "ನೋಡಿದ್ಯಾ, ಫ್ರೆಂಚರೂ ನಮ್ಮ ಸಂಸ್ಕೃತಿಗೆ ತಲೆಬಾಗಿದ್ದಾರೆ!" ಅಂತ ಗೆಳೆಯ ಎದೆಯುಬ್ಬಿಸಿದ. ಕ್ಷಮಿಸಿ, ನನಗೆ ಹಾಗನ್ನಿಸೋದಿಲ್ಲ.

ಮೊದಲು ಕಥೆ ಕೇಳಿ. ಹನ್ನೊಂದನೇ ಶತಮಾನದ ಲಾಹೋರು. ರಾಜ ಅಲೀಮ್‌ಗೆ ದೇವಸ್ಥಾನದ ಪೂಜಾರಿಣಿ ಸೀತೆಯ ಮೇಲೆ ಪ್ರೀತಿ. ಅವಳ ಮೇಲೆ ಕಣ್ಣಿಟ್ಟ ಮಂತ್ರಿ ಸಿಂಧಿಯಾ ರಾಜನನ್ನೇ ಮುಗಿಸುತ್ತಾನೆ. ಸತ್ತ ಅಲೀಮ್ ಇಂದ್ರಲೋಕ ಸೇರಿದರೂ ಸೀತೆಯೇ ಬೇಕು ಅಂತಾನೆ. ಇಂದ್ರ ವಾಪಸ್ ಕಳಿಸುತ್ತಾನೆ, ಆದರೆ ಎರಡು ಷರತ್ತು: ರಾಜನಾಗಿ ಅಲ್ಲ, ಕಡುಬಡವನಾಗಿ ಹೋಗಬೇಕು, ಸೀತೆ ಸತ್ತ ಗಳಿಗೆಯಲ್ಲೇ ಇವನೂ ಸಾಯಬೇಕು. ಕೊನೆಗೆ ಸೀತೆ ತನ್ನನ್ನೇ ಇರಿದುಕೊಳ್ಳುತ್ತಾಳೆ. ಅಲ್ಲಿಗೆ ಇಬ್ಬರದೂ ಮುಗೀತು.

ಈಗ ಹೆಸರುಗಳನ್ನು ನೋಡಿ. ಹಿಂದೂ ರಾಜನ ಹೆಸರು ಅಲೀಮ್! ಪ್ರಧಾನ ಅರ್ಚಕ ತಿಮೂರ್!! ಮಂತ್ರಿಗೆ ಇಟ್ಟಿದ್ದು ಹದಿನೆಂಟನೇ ಶತಮಾನದಲ್ಲಿ ಮೇಲೆ ಬಂದ ಮರಾಠಾ ಮನೆತನದ ಹೆಸರು. ಫೈಂಡ್-ರಿಪ್ಲೇಸ್ ಮಾಡಿ ಲಾಹೋರಿನ ಜಾಗಕ್ಕೆ ಪರ್ಷಿಯಾ ಹಾಕಿದರೂ ಈ ಪ್ರೋಗ್ರಾಮ್ ಒಂದೂ ಎರರ್ ಕೊಡದೆ ಓಡುತ್ತೆ.

ಹಾಗಾದರೆ ಭಾರತ ಯಾಕೆ ಬೇಕಾಯ್ತು? ಈ ಆಪೆರಾ ಮೊದಲು ರಂಗಕ್ಕೆ ಬಂದಿದ್ದು 1877ರಲ್ಲಿ, ಪ್ಯಾರಿಸ್ಸಿನ ಗಾರ್ನಿಯೆ ರಂಗಮಂದಿರದಲ್ಲಿ. 1875ರಲ್ಲಷ್ಟೇ ತೆರೆದಿದ್ದ ಆ ಭಾರೀ ರಂಗಕ್ಕೆ ಕಣ್ಣು ಕೋರೈಸುವ ದೃಶ್ಯಗಳು ಬೇಕಿದ್ದವು. ಇಂದ್ರಲೋಕ ಅಂದರೆ ಬ್ಯಾಲೆಗೆ ಒಳ್ಳೇ ನೆಪ. ನಮ್ಮ ಸಿನಿಮಾದ ಹಾಡಿಗೆ ಸ್ವಿಟ್ಜರ್ಲೆಂಡಿನ ಹಿಮ ಇದ್ದ ಹಾಗೆ, ಅಷ್ಟೇ. ಅದನ್ನು ನೋಡಿ ಸ್ವಿಸ್ಸರು "ನಮ್ಮ ಸಂಸ್ಕೃತಿಗೆ ಗೌರವ ಸಿಕ್ಕಿತು" ಅಂತ ಕುಣಿದರೆ ನಾವು ನಗೋದಿಲ್ವಾ?

"ಆಪೆರಾ ಏನು ಇತಿಹಾಸದ ಪುಸ್ತಕಾನಾ?" ಅಂತೀರಿ. ಅಲ್ಲ, ಒಪ್ಪಿದೆ. ನನ್ನ ಜಗಳ ಮಾಸ್ನೆಯ ಜೊತೆ ಅಲ್ಲ, ನಮ್ಮ ಹೆಮ್ಮೆಯ ಜೊತೆ. ನಿಜ ಹೇಳ್ತೀನಿ, ಜೋನ್ ಸದರ್ಲ್ಯಾಂಡ್ ಹಾಡಿರುವ 1979ರ ರೆಕಾರ್ಡಿಂಗನ್ನು ನಾನೂ ಮೊದಲ ಸಲ ಕೇಳಿದ್ದು 'ನಮ್ಮದು' ಎಲ್ಲಾದರೂ ಸಿಗುತ್ತಾ ಅಂತ ಹುಡುಕ್ತಾನೇ. ಸಿಗಲಿಲ್ಲ, ಬೇಜಾರಾಗಿ ಪಕ್ಕಕ್ಕಿಟ್ಟೆ. ಎರಡನೇ ಸಲ ಹುಡುಕೋದು ಬಿಟ್ಟು ಕೇಳಿದೆ ನೋಡಿ, ಸ್ವರ್ಗವೂ ಬೇಡ ಅಂದು ಹರಕು ಬಟ್ಟೆಯಲ್ಲಿ ಭೂಮಿಗೆ ಇಳಿದು ಬರುವ ಆ ಮನುಷ್ಯ ಆಗ ಸಿಕ್ಕಿದ. ಅವನು ಯಾವ ದೇಶದವನಾದರೇನು?

ನಮ್ಮನ್ನು ಹೊಗಳಿದ್ದಕ್ಕೇ ಒಂದು ಸಂಗೀತವನ್ನು ಮೆಚ್ಚೋದಾದರೆ ನಾವು ಕೇಳ್ತಿರೋದು ಸಂಗೀತಾನಾ, ಹೊಗಳಿಕೇನಾ? ಏನಂತೀರಿ?