‘ತೋಳ ಬಂತು’ ಎಂಬ ಕೂಗು: ಒಂದು ಆಂಗ್ಲ ನುಡಿಗಟ್ಟಿನ ಅರ್ಥವಿಚಾರ

ಆಂಗ್ಲಭಾಷೆಯ ‘ಕ್ರೈ ವುಲ್ಫ್’ ಎಂಬ ನುಡಿಗಟ್ಟು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಕುರಿ ಕಾಯುವ ಹುಡುಗನೊಬ್ಬನು ವಿನೋದಕ್ಕಾಗಿ ‘ತೋಳ ಬಂತು ತೋಳ’ ಎಂದು ಮತ್ತೆ ಮತ್ತೆ ಕೂಗಿ, ಓಡಿಬಂದ ಊರವರನ್ನು ಕಂಡು ನಕ್ಕನು. ತೋಳವು ನಿಜವಾಗಿಯೇ ಬಂದ ದಿನ ಅವನ ಮೊರೆಯನ್ನು ಯಾರೂ ಲೆಕ್ಕಿಸಲಿಲ್ಲ. ಈಸೋಪನ ಹೆಸರಿನಲ್ಲಿ ಪ್ರಸಿದ್ಧವಾದ ಗ್ರೀಕ್ ಕಥೆಯಿದು. ಆ ಕಥೆಗಳನ್ನು ವಿಲಿಯಂ ಕ್ಯಾಕ್ಸ್‌ಟನ್ನನು 1484ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿದನು.

ಈ ನುಡಿಗಟ್ಟಿನ ರಚನೆಯೂ ಗಮನಾರ್ಹ. ಸಂಸ್ಕೃತದ ‘ಇತಿ’, ಕನ್ನಡದ ‘ಎಂದು’ ಎಂಬ ಅವ್ಯಯಗಳು ಕೂಗಿದವನ ಮಾತನ್ನು ಬೇರ್ಪಡಿಸಿ ತೋರಿಸುತ್ತವೆ. ಆಂಗ್ಲದಲ್ಲಿ ಅಂತಹ ಅವ್ಯಯವಿಲ್ಲದೆ ‘ತೋಳ’ವೇ ಕ್ರಿಯಾಪದಕ್ಕೆ ಕರ್ಮದಂತೆ ಅಂಟಿಕೊಂಡಿದೆ. ಆದುದರಿಂದಲೇ ಇದನ್ನು ‘ಸುಳ್ಳು ಹೇಳು’ ಎಂದು ಅನುವಾದಿಸಿ ಕೈತೊಳೆದುಕೊಳ್ಳುವುದು ಸಾಲದು. ಸುಳ್ಳುಗಳು ನೂರಾರು, ಇಲ್ಲಿರುವುದು ನೆರವನ್ನು ಬೇಡುವ ಕೂಗಿನ ಸುಳ್ಳು. ನೆರೆಯವರ ದಯೆಯನ್ನೇ ಅದು ವ್ಯಯಮಾಡಿ ಬರಿದುಮಾಡುತ್ತದೆ. ವಿಶ್ವಾಸಘಾತವೆಂಬ ನಮ್ಮ ಘನವಾದ ಶಬ್ದವೂ ಇಲ್ಲಿ ಹೊಂದದು. ಹುಡುಗನು ಯಾರಿಗೂ ದ್ರೋಹ ಬಗೆಯಲಿಲ್ಲ, ಆಟವಾಡಿದನು, ಅಷ್ಟೆ.

ಆದರೆ ಈಚೆಗೆ ಈ ಮಾತು ಕೂಗಿದವನನ್ನು ಹಳಿಯಲು ಮಾತ್ರ ಬಳಕೆಯಾಗುತ್ತಿರುವುದು ನನಗೆ ಸಮ್ಮತವಲ್ಲ. 1976ರಲ್ಲಿ ಅಮೆರಿಕದ ಸೇನಾಶಿಬಿರವೊಂದರಲ್ಲಿ ಹಂದಿಜ್ವರ ಕಾಣಿಸಿಕೊಂಡು ಸೈನಿಕನೊಬ್ಬನು ಮೃತನಾದನು. ಸರ್ಕಾರವು ಮಹಾಮಾರಿಯನ್ನು ಶಂಕಿಸಿ 4 ಕೋಟಿಗೂ ಮಿಕ್ಕ ಜನರಿಗೆ ಲಸಿಕೆ ಹಾಕಿಸಿತು, ಮಾರಿ ಬರಲಿಲ್ಲ. ಲಸಿಕೆ ಪಡೆದ ಕೆಲವರಿಗೆ ನರದೌರ್ಬಲ್ಯದ ರೋಗ ತಗುಲಿದ್ದರಿಂದ ಅದೇ ಡಿಸೆಂಬರಿನಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಬೇಕಾಯಿತು. ಅಧಿಕಾರಿಗಳ ಎಣಿಕೆ ತಪ್ಪಿತೆನ್ನಬಹುದು. ಅವರು ಹುಡುಗನಂತೆ ನಕ್ಕರೆನ್ನಲಾದೀತೆ? 2000ನೆಯ ಇಸವಿ ಹುಟ್ಟುವಾಗ ಗಣಕಯಂತ್ರಗಳು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದುಕೊಂಡು ದಿಕ್ಕುತಪ್ಪುವುವೆಂಬ ಭಯವಿತ್ತು. ಬೆಂಗಳೂರಿನ ತರುಣರೂ ಸೇರಿದಂತೆ ಸಾವಿರಾರು ತಜ್ಞರು ವರ್ಷಗಟ್ಟಲೆ ದುಡಿದು ದೋಷವನ್ನು ಸರಿಪಡಿಸಿದರು. ಜನವರಿ 1 ಬಹುಮಟ್ಟಿಗೆ ಶಾಂತವಾಗಿ ಕಳೆಯಿತು. ಆಗ ‘ತೋಳವೇ ಇರಲಿಲ್ಲ, ಬರಿಯ ಕೂಗು’ ಎಂದವರು ಹಲವರು! ಕೂಗನ್ನು ಕೇಳಿ ದೊಣ್ಣೆ ಹಿಡಿದು ಬಂದವರಿಂದಲೇ ತೋಳ ಹಿಂಜರಿಯಿತೆಂಬುದನ್ನು ಅವರು ಮರೆತರು.

ನಿಜ ನುಡಿದೂ ನಂಬಿಕೆ ಪಡೆಯದವಳ ಕಥೆ ಗ್ರೀಕರಲ್ಲಿ ಬೇರೆಯೇ ಇದೆ. ಅಪೊಲೊ ದೇವನ ಶಾಪಕ್ಕೆ ಗುರಿಯಾದ ಟ್ರಾಯ್ ನಗರದ ರಾಜಕುಮಾರಿ ಕಸಾಂಡ್ರೆಯದು ಅದು. ಈ ಎರಡನ್ನು ಬೆರೆಸಿ ಮಾತನಾಡುವವರು ಆಂಗ್ಲರಲ್ಲೂ ಇದ್ದಾರೆ. ಇನ್ನು ನಮ್ಮ ಹುಡುಗನ ಕಥೆಯಲ್ಲಿ ಕಡೆಗೆ ಸತ್ತುವಾದರೂ ಯಾವುವು? ಕುರಿಗಳು. ಅವು ಸುಳ್ಳನ್ನು ಆಡಿದುವೂ ಅಲ್ಲ, ಕೇಳಿ ಬೇಸತ್ತುವೂ ಅಲ್ಲ. ಮನೆಯಲ್ಲಿ ಕುಳಿತ ಊರವರು ಸಕಾರಣವಾಗಿಯೇ ಕುಳಿತರು. ಆದರೂ ಒಬ್ಬನು ಎದ್ದು ಗುಡ್ಡದ ಕಡೆ ಇಣುಕಿದ್ದರೆ ಸಾಕಾಗುತ್ತಿತ್ತು.

ಕನ್ನಡದಲ್ಲಿ ಇದಕ್ಕೆ ‘ಹುಸಿಗೂಗು’ ಎಂಬ ಸಮಾಸವನ್ನು ಕಟ್ಟಬಹುದು, ಆದೇಶಸಂಧಿಗೂ ಒಪ್ಪುತ್ತದೆ. ಆದರೆ ಕಡೆಯ ಕೂಗು ಹುಸಿಯಾಗಿರಲಿಲ್ಲವಾದ ಕಾರಣ, ಉದ್ದವಾದರೂ ‘ತೋಳ ಬಂತೆಂಬ ಕೂಗು’ ಎಂದೇ ಬರೆಯುವಂತೆ ತರಗತಿಯಲ್ಲಿ ನಾನು ಹೇಳುತ್ತೇನೆ.