ಯಾರ ಬೆವರು, ಯಾರ ವಿಹಾರ?

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಯ ಮೇಲೆ, ಮರ್ಟಲ್ ಬೀಚ್ ಎಂಬ ವಿಹಾರದ ಊರಿದೆ. ಸುಮಾರು ೬೦ ಮೈಲಿ ಉದ್ದದ ಮರಳು ದಂಡೆ. ಅದರ ಬೆನ್ನಿಗೆ ಸುಮಾರು ೮೦ ಗಾಲ್ಫ್ ಮೈದಾನಗಳು. ಅಲ್ಲಿಗೆ ಹೋಗುವವರಿಗೆ ಜಾಹೀರಾತುಗಳು ಬುದ್ಧಿ ಹೇಳುತ್ತವೆ: ಬೇಸಗೆಯ ಸೆಕೆಯಲ್ಲಿ ಬರಬೇಡಿ, ವಸಂತದಲ್ಲೋ ಶರತ್ಕಾಲದಲ್ಲೋ ಬನ್ನಿ, ನಾಲ್ವರು ಸೇರಿ ಬನ್ನಿ, ಕೋಣೆಯನ್ನೂ ಆಟವನ್ನೂ ಒಟ್ಟಿಗೆ ಗೊತ್ತುಮಾಡಿ, ಮುಂಜಾನೆಯ ಸರದಿಯನ್ನು ತಿಂಗಳುಗಳ ಮುಂಚೆಯೇ ಕಾದಿರಿಸಿ. ಒಳ್ಳೆಯ ಸಲಹೆಯೇ ಸರಿ. ಆದರೆ ಒಂದು ಮಾತು ಬಿಟ್ಟುಹೋಗಿದೆ. ರಜೆಯ ಯೋಜನೆ ಹಾಕುವವನಿಗೆ ಮೊದಲು ತನ್ನ ಕಾಲ ತನ್ನದಾಗಿರಬೇಕು. ನಾಳೆಯ ಪಾಳಿ ಸಿಕ್ಕೀತೋ ಇಲ್ಲವೋ ಎಂದು ಗೇಟಿನ ಮುಂದೆ ನಿಲ್ಲುವವನು ಮುಂದಿನ ಶರತ್ಕಾಲವನ್ನು ಕಾದಿರಿಸುವುದು ಹೇಗೆ?

ಈ ಊರನ್ನು ಕಟ್ಟಿದ ಹಣದ ಬೇರನ್ನು ಹುಡುಕಿದರೆ ಗಿರಣಿಯ ಬಾಗಿಲಿಗೇ ಬರುತ್ತೇವೆ. ಗ್ರೀನ್‌ವಿಲ್ ಪಟ್ಟಣದಲ್ಲಿ ಜಾನ್ ವುಡ್‌ಸೈಡ್ ಎಂಬ ಬಟ್ಟೆ ಗಿರಣಿಯ ಧಣಿಯಿದ್ದ. ಒಂದೇ ಸೂರಿನಡಿಯ ಅತಿ ದೊಡ್ಡ ಹತ್ತಿ ಗಿರಣಿಗಳಲ್ಲಿ ಅವನದೊಂದೆಂದು ಹೆಸರಾಗಿತ್ತು. ೧೯೨೬ರಲ್ಲಿ ಅವನು ಈ ದಂಡೆಯಲ್ಲಿ ೬೦ ಸಾವಿರ ಎಕರೆಗೂ ಮೀರಿದ ನೆಲ ಕೊಂಡ. ೧೯೨೭ರಲ್ಲಿ ಅಲ್ಲಿನ ಮೊದಲ ಗಾಲ್ಫ್ ಮೈದಾನ ಎದ್ದಿತು. ಷೇರು ಪೇಟೆ ೧೯೨೯ರ ಅಕ್ಟೋಬರಿನಲ್ಲಿ ಕುಸಿದಿತ್ತು; ಆದರೂ ೧೯೩೦ರಲ್ಲಿ ಹತ್ತು ಅಂತಸ್ತಿನ ಓಷನ್ ಫಾರೆಸ್ಟ್ ಹೋಟೆಲಿನ ಬಾಗಿಲು ತೆರೆಯಿತು. ಧಣಿಯ ಐಶ್ವರ್ಯ ಕರಗಿ, ನೆಲ ಕೈತಪ್ಪಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ನೂಲುವವರ ಬೆವರು ಸಮುದ್ರದಂಡೆಯಲ್ಲಿ ಅರಮನೆಯಾಯಿತು. ನೂಲುವವರಿಗೆ ಮಾತ್ರ ಅರಮನೆಯೂ ಇಲ್ಲ, ಸಮುದ್ರವೂ ಇಲ್ಲ.

ಆ ರಾಜ್ಯದ ಗಿರಣಿ ಕಾರ್ಮಿಕರು ಸುಮ್ಮನಿದ್ದರೆ? ೧೯೩೪ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬಟ್ಟೆ ಗಿರಣಿಗಳಲ್ಲಿ ಮಹಾ ಮುಷ್ಕರವಾಯಿತು. ತಮ್ಮ ಮೇಲೆ ಹೇರಿದ ದುಡಿಮೆಯ ವಿಪರೀತ ಹೊರೆಯನ್ನು ಇಳಿಸಿ ಎಂದು ಅವರು ಕೇಳಿದರು. ಸೆಪ್ಟೆಂಬರ್ ೬ರಂದು ಹನಿಯಾ ಪಾತ್ ಊರಿನ ಚಿಕೋಲಾ ಗಿರಣಿಯ ಮುಂದೆ ಗುಂಡು ಹಾರಿ ಏಳು ಮಂದಿ ಕಾರ್ಮಿಕರು ಸತ್ತರು. ವಿಹಾರದ ಕರಪತ್ರಗಳಲ್ಲಿ ಈ ಏಳು ಮಂದಿಗೆ ಸ್ಥಳವಿಲ್ಲ.

ಇನ್ನು ಆ ದಂಡೆಯ ಹೋಟೆಲುಗಳಲ್ಲಿ ಅಡುಗೆ ಮಾಡಿದ, ಹಾಸಿಗೆ ಹಾಸಿದ ಕಪ್ಪು ಜನರ ಮಾತು. ವರ್ಣಭೇದದ ಆ ದಿನಗಳಲ್ಲಿ ಅದೇ ದಂಡೆಯಲ್ಲಿ ಮೀಯಲು ಅವರಿಗೆ ಅವಕಾಶವಿರಲಿಲ್ಲ. ೧೯೩೦ರ ದಶಕದಿಂದ ಅವರು ಅಟ್ಲಾಂಟಿಕ್ ಬೀಚ್ ಎಂಬ ತಮ್ಮದೇ ತಾಣವನ್ನು ಪಕ್ಕದಲ್ಲಿ ಕಟ್ಟಿಕೊಂಡರು. ಅಲೆಗೆ ಬಣ್ಣದ ಭೇದವಿಲ್ಲ; ಭೇದವಿದ್ದದ್ದು ದಂಡೆಯ ಒಡೆಯರಿಗೆ.

ಇಂದಿನ ಲೆಕ್ಕವನ್ನೂ ನೋಡೋಣ. ನಾಲ್ಕೂಕಾಲು ಅಂಗುಲದ ಕುಳಿಗೆ ಚೆಂಡು ಬೀಳಿಸುವ ಈ ಆಟದ ಒಂದು ಮೈದಾನಕ್ಕೆ ನೂರಕ್ಕೂ ಮೀರಿ ಎಕರೆ ಬೇಕು. ಆಟಗಾರ ಏಳುವ ಮುಂಚೆಯೇ ಎದ್ದು ಆ ಹುಲ್ಲನ್ನು ಕತ್ತರಿಸುವವನಿಗೆ ಕಾನೂನು ಕೊಡಿಸುವ ಕನಿಷ್ಠ ಕೂಲಿ ಎಷ್ಟು? ದಕ್ಷಿಣ ಕೆರೊಲಿನಾಕ್ಕೆ ತನ್ನದೇ ಕನಿಷ್ಠ ಕೂಲಿಯ ಕಾಯ್ದೆಯಿಲ್ಲ. ಕೇಂದ್ರದ ದರವೇ ಗತಿ: ಗಂಟೆಗೆ ೭ ಡಾಲರ್ ೨೫ ಸೆಂಟ್. ೨೦೦೯ರಿಂದ ಅದು ಒಂದು ಸೆಂಟೂ ಏರಿಲ್ಲ. ಊಟ ಬಡಿಸುವವಳಿಗೆ ಭಕ್ಷೀಸು ಸೇರಿ ಆ ಮೊತ್ತ ತುಂಬಿದರೆ, ಮಾಲೀಕನು ತನ್ನ ಕೈಯಿಂದ ೨ ಡಾಲರ್ ೧೩ ಸೆಂಟ್ ಕೊಟ್ಟರೆ ಸಾಕು. ಈ ದರ ೧೯೯೧ರದು. ಸಂಬಳ ಸಹಿತ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನಂತೂ ಆ ದೇಶದಲ್ಲಿ ಇಲ್ಲವೇ ಇಲ್ಲ. ರಜೆಯನ್ನು ಮಾರುವ ಊರಿನಲ್ಲಿ ದುಡಿಯುವವನಿಗೆ ರಜೆಯ ಹಕ್ಕಿಲ್ಲ!

ಒಬ್ಬರು ಕೇಳಬಹುದು: “ಮರ್ಟಲ್ ಬೀಚ್ ಬರಿಯ ಕೋಟ್ಯಧೀಶರ ಊರಲ್ಲವಲ್ಲ? ಬಹುಪಾಲು ಮೈದಾನಗಳಲ್ಲಿ ಯಾರೂ ಹಣ ತೆತ್ತು ಆಡಬಹುದಲ್ಲ?” ನಿಜ. ಚಳಿಗಾಲದಲ್ಲಿ ಖಾಲಿ ಬೀಳುತ್ತಿದ್ದ ಕೋಣೆಗಳನ್ನು ತುಂಬಿಸಲು ಹೋಟೆಲಿನವರೂ ಮೈದಾನದವರೂ ಕೂಡಿ, ೧೯೬೭ರಲ್ಲಿ ಸಂಘ ಕಟ್ಟಿ, ಕೋಣೆ ಆಟ ಎರಡನ್ನೂ ಒಂದೇ ಬೆಲೆಗೆ ಮಾರತೊಡಗಿದರು. ವ್ಯಾಪಾರಿ ಬಂಧುಗಳು ಈ ಜಾಣತನವನ್ನು ಮೆಚ್ಚಿಯಾರು, ನಾವೂ ಹಳಿಯುವುದಿಲ್ಲ. ಆದರೆ ಇದರಿಂದ ಸಿದ್ಧವಾಗುವುದೇನು? ಸಾಮಾನ್ಯನಿಗೂ ಆಟ ಬೇಕು, ಗಾಳಿ ಬೇಕು, ಸಮುದ್ರ ಬೇಕು ಎಂಬುದು. ಬೆಲೆ ಇಳಿಸಿದರೆ ಕೋಣೆ ಸಿಕ್ಕೀತು, ಬಿಡುವು ಸಿಕ್ಕೀತೆ? ಬಿಡುವು ಅಂಗಡಿಯಲ್ಲಿ ಮಾರುವ ಸರಕಲ್ಲ. ಅದನ್ನು ಹೋರಾಡಿಯೇ ಪಡೆಯಬೇಕು.

ಪಡೆದವರೂ ಇದ್ದಾರೆ. ೧೯೩೬ರಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳಲ್ಲೇ ಕುಳಿತು ಮುಷ್ಕರ ಹೂಡಿ, ಎರಡು ವಾರಗಳ ಸಂಬಳ ಸಹಿತ ರಜೆಯನ್ನು ಶಾಸನವಾಗಿಸಿಕೊಂಡರು. ಎಷ್ಟೋ ಮಂದಿ ಜೀವಮಾನದಲ್ಲಿ ಮೊದಲ ಬಾರಿಗೆ ಸಮುದ್ರ ಕಂಡದ್ದು ಆ ಬೇಸಗೆಯಲ್ಲಿ. ೧೯೪೮ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ ೨೪ನೆಯ ವಿಧಿ ಸಂಬಳ ಸಹಿತ ರಜೆಯನ್ನು ಮನುಷ್ಯನ ಹಕ್ಕೆಂದು ಸಾರಿತು. ಅದೇ ವರ್ಷ ನಮ್ಮ ದೇಶದ ಕಾರ್ಖಾನೆ ಕಾಯ್ದೆಯು, ವರ್ಷವಿಡೀ ದುಡಿದವನಿಗೆ ೨೦ ದಿನಕ್ಕೊಂದರಂತೆ ರಜೆಯ ಹಕ್ಕನ್ನು ಬರೆದುಕೊಟ್ಟಿತು. ಆದರೆ ಬದಲಿ ಕಾರ್ಮಿಕನಿಗೂ ಗುತ್ತಿಗೆಯವನಿಗೂ ಹಾಜರಿ ತುಂಬದಂತೆ ನೋಡಿಕೊಂಡರೆ ಆ ಬರಹಕ್ಕೆ ಬೆಲೆಯೆಲ್ಲಿ? ಬಾಗಿಲು ಮುಚ್ಚಿದ ದಿನವೇ ಒಲೆ ಆರುವ ಸಣ್ಣ ಅಂಗಡಿಯವನಿಗೆ ಯಾವ ಕಾಯ್ದೆ ರಜೆ ಕೊಟ್ಟಿದೆ?

ಗಾಲ್ಫಿನ ಕೋಲಿನ ಮೇಲೆ ನಮಗೆ ಹಗೆಯಿಲ್ಲ. ಆಡುವವರು ಆಡಲಿ. ಹುಲ್ಲು ಕತ್ತರಿಸುವವನೂ, ಮಗ್ಗ ನಡೆಸುವವನೂ, ತಕ್ಕಡಿ ಹಿಡಿಯುವವನೂ ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳೊಡನೆ ಸಮುದ್ರದ ಮುಂದೆ ನಿಶ್ಚಿಂತೆಯಿಂದ ಕೂರುವಂತಾಗಲಿ. ಯೋಜನೆ ಹಾಕಬೇಕಾದದ್ದು ಅದಕ್ಕೆ. ಅದು ಹೋಟೆಲಿನ ಕಚೇರಿಯಲ್ಲಿ ಆಗುವ ಕೆಲಸವಲ್ಲ. ಸಂಘದ ಸಭೆಯಲ್ಲಿ ಆಗಬೇಕಾದ ಕೆಲಸ.