ರಾಕ್ಷಸನನ್ನು ರಂಗದಿಂದ ಇಳಿಸಿ

ಶಾಲೆಯ ವಾರ್ಷಿಕೋತ್ಸವವಿರಲಿ, ಮಹಿಳಾ ಸಮಾಜದ ಸ್ಪರ್ಧೆಯಿರಲಿ, ಕೊರೊನಾ ಕುರಿತ ಸಮೂಹ ನೃತ್ಯವೆಂದರೆ ನಮ್ಮಲ್ಲಿ ಒಂದೇ ಅಚ್ಚು. ಮೈಗೆ ಕೆಂಪು ಬಟ್ಟೆ, ತಲೆಗೆ ಮುಳ್ಳಿನ ಕಿರೀಟ ತೊಟ್ಟ ರಾಕ್ಷಸನೊಬ್ಬ ಅಬ್ಬರಿಸುತ್ತಾನೆ. ಜನ ದೊಪ್ಪನೆ ಬೀಳುತ್ತಾರೆ. ಆಮೇಲೆ ಬಿಳಿ ಕೋಟಿನ ದುರ್ಗೆ ಬರುತ್ತಾಳೆ, ಕೈಯಲ್ಲಿ ತ್ರಿಶೂಲದ ಬದಲು ಸಿರಿಂಜು. ಸಂಹಾರ, ಮಂಗಳ, ಚಪ್ಪಾಳೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಸುಳ್ಳು ಎಂಬುದು ನನ್ನ ತಕರಾರು.

ಆ ರೋಗಕ್ಕೆ ಕೋರೆಹಲ್ಲು ಇರಲಿಲ್ಲ. ಅದು ಬಂದದ್ದು ನಮ್ಮವರದೇ ಉಸಿರಿನಲ್ಲಿ. ರೋಗವನ್ನು ರಾಕ್ಷಸ ಎಂದೊಡನೆ ರೋಗಿ ಅವನ ಬಿಡಾರವಾಗುತ್ತಾನೆ. 2020ರಲ್ಲಿ ದುಡಿದು ಬಂದ ನರ್ಸುಗಳಿಗೆ ಮನೆ ಖಾಲಿ ಮಾಡಿ ಎಂದ ಮಾಲೀಕರ ತಲೆಯಲ್ಲಿ ಕುಣಿಯುತ್ತಿದ್ದವನು ಇದೇ ರಾಕ್ಷಸನಲ್ಲವೆ?

ಇನ್ನು ದುರ್ಗೆ. ಅದೇ ವರ್ಷದ ಜುಲೈಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೊಡಿ ಎಂದು ಮುಷ್ಕರ ಹೂಡಬೇಕಾಯಿತು. ರಂಗದ ಮೇಲೆ ಅವರಿಗೆ ಹತ್ತು ಕೈ ಅಂಟಿಸಿ ಆರತಿ ಎತ್ತುವುದು ಸುಲಭ. ದೇವಿಗೆ ಸಂಬಳ ಕೊಡಬೇಕಾಗಿಲ್ಲವಲ್ಲ!

ಹಾಗಾದರೆ ಏನನ್ನು ಕುಣಿಸಬೇಕು? ಸಮೂಹ ನೃತ್ಯಕ್ಕೆ ಬೇಕಾದದ್ದು ಕಥೆಗಿಂತ ಮೊದಲು ಚಲನೆಯ ಒಂದು ಬೀಜ. ನೃತ್ಯ ಸಂಯೋಜಕರು ಅದನ್ನು ಮೋಟಿಫ್ ಎನ್ನುತ್ತಾರೆ. ಒಂದು ಪುಟ್ಟ ಚಲನೆಯನ್ನು ಹಿಡಿದು, ಮರಳಿ ಮರಳಿ ಮಾಡಿಸಿ, ನಿಧಾನಿಸಿ, ಓಡಿಸಿ, ಒಬ್ಬರಿಂದ ಒಬ್ಬರಿಗೆ ದಾಟಿಸಿ, ಕೆಲವೊಮ್ಮೆ ಅರ್ಧಕ್ಕೇ ನಿಲ್ಲಿಸಿ ಅದರಿಂದ ಅರ್ಥ ಹಿಂಡುವುದು. ಅಂಥ ಬೀಜಗಳಿಗೆ ನಮಗೇನು ಬರವೆ? ಆ ಎರಡು ವರ್ಷ ಹೆಂಗಸರ ಮೈಯೆಲ್ಲ ಅವೇ ತುಂಬಿದ್ದವು.

ಸಾಬೂನಿನ ಕೈ ಕೈಯನ್ನು ಉಜ್ಜುವುದು. ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿ ಎರಡು ಹೆಜ್ಜೆ ಹಿಂದೆ ಸರಿಯುವುದು: ತಟ್ಟು, ಸರಿ, ಕಾಯಿ. ಊಟದ ತಟ್ಟೆಯನ್ನು ಕೋಣೆಯ ಹೊಸ್ತಿಲಲ್ಲಿಟ್ಟು ಬೆನ್ನು ತಿರುಗಿಸುವುದು. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿದ್ದ ಮೇಲೆ ಗಂಟು ಹೊತ್ತು ನಡೆದವರ ಹೆಜ್ಜೆ. ಭರತನಾಟ್ಯ ಕಲಿಯುವ ಮಕ್ಕಳಿಗೆ ತೋರುಬೆರಳು ಚಾಚಿದ ಸೂಚಿ ಹಸ್ತ ಗೊತ್ತು. ಆಕ್ಸಿಮೀಟರಿಗೆ ಒಡ್ಡಿದ್ದು ಅದೇ ಬೆರಳನ್ನು. ಆದರೆ ಅಲ್ಲಿ ಬೆರಳು ಏನನ್ನೂ ತೋರಿಸುತ್ತಿರಲಿಲ್ಲ, ಒಂದು ಅಂಕಿಗಾಗಿ ಕಾಯುತ್ತಿತ್ತು. 2021ರಲ್ಲಿ ರೋಗಿಗಳನ್ನು ಬೋರಲು ಮಲಗಿಸುತ್ತಿದ್ದರು. ಎಂಟು ಹುಡುಗಿಯರು ಹಾಗೆ ಮಲಗಿ, ಬೆನ್ನು ಏರಿ ಇಳಿಯುವುದನ್ನಷ್ಟೇ ತೋರಿಸಲಿ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆ ಮೇ ತಿಂಗಳು ಆಮ್ಲಜನಕವಿಲ್ಲದೆ ಹೋದವರ ನೆನಪಿಗೆ ಅದಕ್ಕಿಂತ ಹೆಚ್ಚಿನ ಅಭಿನಯ ಬೇಕಿಲ್ಲ.

ಸಂಹಾರವಿಲ್ಲದಿದ್ದರೆ ಸಂಪ್ರದಾಯ ಕೆಟ್ಟೀತೆಂದು ಕೆಲವರ ಆತಂಕ. ಯಾವ ಸಂಪ್ರದಾಯ? ನಮ್ಮ ಹಳ್ಳಿಗಳಲ್ಲಿ ಸಿಡುಬು, ಕಾಲರಾಗಳನ್ನು ಅಮ್ಮನೆಂದು ಕರೆದು, ಮರ್ಯಾದೆಯಿಂದ ಊರ ಗಡಿ ದಾಟಿಸುತ್ತಿದ್ದರು. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂತು. ಪ್ಲೇಗಿನ ಅಮ್ಮನಿಗೂ ಅಲ್ಲಿ ಗುಡಿಯಾಯಿತು. ಪೂಜೆಯಿಂದ ರೋಗ ಹೋಗುತ್ತದೆಂದು ನಾನು ಹೇಳುತ್ತಿಲ್ಲ. ಕೊಲ್ಲುವ ಕಥೆ ಹೇಳದೆಯೂ ರೋಗದ ಎದುರು ನಿಲ್ಲುವ ಭಂಗಿ ನಮ್ಮ ಹಿರಿಯರಿಗೆ ಗೊತ್ತಿತ್ತು ಎನ್ನುತ್ತಿದ್ದೇನೆ. ಹೊರಗಿನ ಮಾತು ಬೇಕೆಂದರೆ, ಜರ್ಮನಿಯ ಕುರ್ಟ್ ಯೋಸ್ 1932ರಲ್ಲಿ ರಚಿಸಿದ ‘ಹಸಿರು ಮೇಜು’ ನೃತ್ಯವಿದೆ. ಅದು ಯುದ್ಧದ ಕಥೆ; ಅಲ್ಲಿ ಸಾವಿಗೂ ವೇಷವುಂಟು. ಆದರೆ ನಮ್ಮನ್ನು ಹಿಡಿದು ನಿಲ್ಲಿಸುವುದು ಬಿಡದೆ ನೆಲ ತುಳಿಯುವ ಅದರ ಒಂದೇ ಹೆಜ್ಜೆ. ಆ ಸಾವನ್ನು ಕೊಂದು ಚಪ್ಪಾಳೆ ಗಿಟ್ಟಿಸುವವರು ಅಲ್ಲಿ ಯಾರೂ ಇಲ್ಲ.

‘ಮಕ್ಕಳಿಗೆ ಇದೆಲ್ಲ ಭಾರವಾಗುವುದಿಲ್ಲವೆ?’ ಎಂದು ಕೇಳುತ್ತೀರಿ. ಅಜ್ಜಿಯ ಮುಖವನ್ನು ಕೊನೆಯ ಸಲ ನೋಡಲಾಗದ ಮಕ್ಕಳು ಅವರು. ಭಾರವನ್ನು ಆಗಲೇ ಹೊತ್ತಾಗಿದೆ. ಅದನ್ನು ಇಳಿಸಲು ಒಂದು ಜಾಗ ಕೊಡಿ, ಅಷ್ಟೇ.

ನನ್ನನ್ನು ಕೇಳಿದರೆ ಕೋಲಾಟವೊಂದೇ ಸಾಕು. ಒಳಗೊಂದು ಸುತ್ತು, ಹೊರಗೊಂದು ಸುತ್ತು, ಎದುರುಬದುರು ಜೋಡಿಗಳು. ಮೊದಲು ಕೋಲಿಗೆ ಕೋಲು ತಾಗಲಿ. ನಡುವೆ ಕೋಲುಗಳು ಗೇಣು ದೂರದಲ್ಲೇ ನಿಲ್ಲಲಿ, ತಾಳವಿದ್ದರೂ ಸದ್ದಿಲ್ಲ. ಕೊನೆಗೆ ಸದ್ದು ಮರಳಲಿ, ಆದರೆ ಒಳಸುತ್ತಿನಲ್ಲಿ ಒಬ್ಬಳು ಇರಕೂಡದು. ಸುತ್ತು ತಿರುಗಿದಂತೆ ಆ ಖಾಲಿ ಜಾಗ ಹೊರಗಿನ ಒಬ್ಬೊಬ್ಬಳ ಎದುರಿಗೂ ಬರುತ್ತದೆ. ಪ್ರತಿಯೊಬ್ಬಳ ಕೋಲೂ ಒಮ್ಮೆ ಗಾಳಿಯನ್ನು ಹೊಡೆಯುತ್ತದೆ. ಅದನ್ನು ನೋಡಿ ಯಾರೂ ಚಪ್ಪಾಳೆ ತಟ್ಟದಿದ್ದರೆ ಬಹುಮಾನ ಬಂದಷ್ಟೇ ಸಂತೋಷಪಡಿ.